ಕೊಟ್ಟಿಗೆಯ ಪಕ್ಕದ ಮನೆ: ಯಾವ ಪ್ರಾಣಿಯ ನೆರೆ ನಿಮಗೆ ಒಗ್ಗೀತು?

ನಗರ ಬಿಟ್ಟು ಹಳ್ಳಿಯಲ್ಲಿ ಮನೆ ಹುಡುಕುವವರು ನೀರು, ರಸ್ತೆ, ವಿದ್ಯುತ್ತು, ಇಂಟರ್‌ನೆಟ್ ಎಲ್ಲವನ್ನೂ ವಿಚಾರಿಸಿ ಮುಗಿಸಿದ ಮೇಲೆ, ಕೊನೆಯಲ್ಲಿ ತುಸು ಸಂಕೋಚದಿಂದ ಕೇಳುವ ಪ್ರಶ್ನೆಯೊಂದಿದೆ: ಬೇಲಿಯ ಆಚೆಗೆ ದನದ ಕೊಟ್ಟಿಗೆಯಿದೆ, ಅಥವಾ ಕೋಳಿ ಸಾಕುವ ಶೆಡ್ಡಿದೆ, ಅಲ್ಲಿ ಇರಲಾದೀತೇ? ಹಳ್ಳಿ ಬೇಕು, ಆದರೆ ಹಳ್ಳಿಯ ಪ್ರಾಣಿಗಳೆಂದರೆ ಅಳುಕು ಎಂದು ಹೇಳಿಕೊಳ್ಳಲು ಯಾರಿಗಾದರೂ ನಾಚಿಕೆಯೇ. ಆದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆರುನೂರು ಕಿಲೋ ತೂಕದ ಜೀವವೊಂದು ಅಡುಗೆಮನೆಯ ಕಿಟಕಿಯಿಂದ ಇಪ್ಪತ್ತು ಅಡಿ ದೂರದಲ್ಲಿ ನಿಂತು ನಿಮ್ಮನ್ನೇ ನೋಡುತ್ತಿದ್ದರೆ, ಅದರೊಡನೆ ಬೆಳೆಯದವರಿಗೆ ಎದೆ ಒಮ್ಮೆ ಝಲ್ ಎನ್ನುವುದು ಸಹಜ.

ಇಂಥ ಪ್ರಶ್ನೆಗೆ "ಹೋದರೆ ಅಭ್ಯಾಸವಾಗುತ್ತದೆ ಬಿಡಿ" ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಿರುತ್ತದೆ. ಅದು ಅರ್ಧ ಮಾತ್ರ ನಿಜ. ಹಸುವಿನ ಸಗಣಿಯ ವಾಸನೆ ಬಹುಪಾಲು ಜನರಿಗೆ ಕೆಲವೇ ತಿಂಗಳಲ್ಲಿ ಒಗ್ಗಿಹೋಗುತ್ತದೆ. ಹಂದಿಯ ಗಂಜಲದ ಗುಂಡಿಯ ವಾಸನೆ ಅನೇಕರಿಗೆ ವರ್ಷಗಟ್ಟಲೆ ಕಳೆದರೂ ಒಗ್ಗುವುದಿಲ್ಲ. ಹುಂಜದ ಕೂಗಿಗೆ ಒಬ್ಬರು ಒಂದೇ ವಾರದಲ್ಲಿ ಕಿವುಡಾಗುತ್ತಾರೆ, ಇನ್ನೊಬ್ಬರು ಅದೇ ಕೂಗಿನಿಂದಾಗಿ ಮನೆಯನ್ನೇ ಮಾರುತ್ತಾರೆ. ಆದ್ದರಿಂದ ಪ್ರಾಣಿಗಳ ಬಳಿ ಇರಬೇಕೋ ಬೇಡವೋ ಎಂದು ಯೋಚಿಸುವುದಕ್ಕಿಂತ, ಯಾವ ಪ್ರಾಣಿ, ಎಷ್ಟು ತಲೆ, ಎಷ್ಟು ದೂರ, ಯಾವ ದಿಕ್ಕಿನಲ್ಲಿ ಎಂದು ಬಿಡಿಸಿ ಕೇಳಿಕೊಳ್ಳುವುದು ಉಪಯುಕ್ತ.

ಮೊದಲು ಅಳೆಯಬೇಕಾದದ್ದು ನಿಮ್ಮನ್ನೇ

ಅಳೆಯುವ ಕೋಲುಗಳು ಮುಖ್ಯವಾಗಿ ಮೂರು: ಮೂಗು, ಕಿವಿ, ಅಂಜಿಕೆ. ಇವುಗಳ ಜೊತೆಗೆ ನೊಣ ಮತ್ತು ಆರೋಗ್ಯ ಎಂಬ ಎರಡು ಉಪಪ್ರಶ್ನೆಗಳಿವೆ. ಈ ಮೂರರಲ್ಲಿ ನಿಮಗೆ ಯಾವುದು ಎಷ್ಟು ಮಾಡಿದರೂ ತಡೆಯಲಾಗದು ಎಂಬುದನ್ನು ಮನೆಯವರೆಲ್ಲ ಕುಳಿತು ಪ್ರಾಮಾಣಿಕವಾಗಿ ಗೊತ್ತುಮಾಡಿಕೊಳ್ಳಿ. ಏಕೆಂದರೆ ಮೂರರಲ್ಲೂ ತೊಂದರೆ ಕೊಡದ ಸಾಕುಪ್ರಾಣಿ ಇಲ್ಲ, ಮೂರರಲ್ಲೂ ಸಮನಾಗಿ ಕಾಡುವ ಪ್ರಾಣಿಯೂ ಇಲ್ಲ. ಒಂದು ಮೂಗಿಗೆ ವಿನಾಯಿತಿ ಕೊಟ್ಟು ಕಿವಿಯಿಂದ ವಸೂಲು ಮಾಡುತ್ತದೆ, ಮತ್ತೊಂದು ಮೂಗು ಕಿವಿ ಎರಡನ್ನೂ ಬಿಟ್ಟು ಎದುರಿಗೆ ಬಂದಾಗ ಬೆವರಿಳಿಸುತ್ತದೆ. ಗಂಡನಿಗೆ ವಾಸನೆ ಆಗದು, ಹೆಂಡತಿಗೆ ನಿದ್ದೆ ತೆಳು, ಮಗುವಿಗೆ ದನ ಕಂಡರೆ ಅಳು ಎಂಬ ಮನೆಯಲ್ಲಿ ಒಬ್ಬರ ಒಪ್ಪಿಗೆಯಿಂದ ಆಯ್ಕೆ ಮುಗಿಯುವುದಿಲ್ಲ.

ಮೂಗಿನ ಲೆಕ್ಕದಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ನಡುಹಗಲಲ್ಲಿ ಮನೆ ನೋಡಿ ಬರುವುದು. ಬಿಸಿಲು ನೆಲವನ್ನು ಕಾಯಿಸಿದಾಗ ಗಾಳಿ ಮೇಲೇರುತ್ತ ವಾಸನೆಯನ್ನು ಚದುರಿಸುತ್ತದೆ. ಸಂಜೆ ನೆಲ ತಣಿದು, ಗಾಳಿ ನಿಂತು, ತಂಪಾದ ಗಾಳಿಯ ಪದರ ಕೆಳಗೂ ಬೆಚ್ಚಗಿನದು ಮೇಲೂ ಆದಾಗ, ಆ ಮೇಲಿನ ಪದರ ಪಾತ್ರೆಗೆ ಮುಚ್ಚಳ ಹಾಕಿದಂತೆ ಕೂರುತ್ತದೆ. ಕೊಟ್ಟಿಗೆಯ ವಾಸನೆ ಚದುರದೆ ಇಳಿಜಾರಿನಲ್ಲಿ ನೀರು ಹರಿದಂತೆ ತಗ್ಗಿನ ಕಡೆಗೆ ಹರಿಯುತ್ತದೆ. ನಾನು ಮೊದಲು ಬಾಡಿಗೆಗೆ ಹಿಡಿದ ಮನೆಯನ್ನು ನೋಡಿದ್ದು ಮಧ್ಯಾಹ್ನ ಹನ್ನೆರಡು ಗಂಟೆಗೆ, ಒಳ್ಳೆಯ ಗಾಳಿ ಬೀಸುತ್ತಿದ್ದಾಗ. ಅರ್ಧ ಕಿಲೋಮೀಟರ್ ದೂರದಲ್ಲಿ ಕೋಳಿ ಶೆಡ್ಡುಗಳ ಉದ್ದನೆಯ ಚಾವಣಿ ಕಾಣುತ್ತಿತ್ತು, ವಾಸನೆ ಮಾತ್ರ ಸುಳಿವೇ ಇರಲಿಲ್ಲ. ಸಾಮಾನು ಇಳಿಸಿದ ದಿನ ಸಂಜೆ ಆರೂವರೆಗೆ ಒಗೆದ ಬಟ್ಟೆ ತೆಗೆಯಲು ಹೊರಗೆ ಬಂದೆ. ತಂತಿಯ ಮೇಲಿದ್ದ ಟವೆಲನ್ನು ಮುಖಕ್ಕೆ ಹಿಡಿದಾಗ ಅದರೊಳಗೇ ಅಮೋನಿಯಾ ಕೂತಿತ್ತು. ಮನೆ ಇದ್ದದ್ದು ತಗ್ಗಿನಲ್ಲಿ, ಶೆಡ್ಡುಗಳಿದ್ದದ್ದು ಏರಿನಲ್ಲಿ. ಅದನ್ನು ಮೊದಲ ದಿನವೇ ಗಮನಿಸಬಹುದಿತ್ತು.

ಕಿವಿಯ ಲೆಕ್ಕ ಇಷ್ಟು ಗೋಜಲಲ್ಲ. ಬಯಲಿನಲ್ಲಿ ಒಂದೆಡೆಯಿಂದ ಹೊರಟ ಸದ್ದು ದೂರ ಎರಡರಷ್ಟಾದ ಪ್ರತಿಸಲವೂ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹುಂಜದ ಕೂಗು ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಮುಟ್ಟುತ್ತದೆಂದು ಹಿಡಿದರೆ, 100 ಮೀಟರ್ ದೂರಕ್ಕೆ ಅದು 60ಕ್ಕೆ, 400 ಮೀಟರ್ ದೂರಕ್ಕೆ 48ಕ್ಕೆ ಇಳಿದಿರುತ್ತದೆ. ಅರವತ್ತು ಎಂದರೆ ಇಬ್ಬರು ಎದುರುಬದುರು ಕೂತು ಮಾತನಾಡುವಷ್ಟು ಸದ್ದು. ಹಗಲಲ್ಲಿ ಅದು ಏನೂ ಅಲ್ಲ, ನಸುಕಿನ ನಾಲ್ಕು ಗಂಟೆಗೆ ತೆರೆದ ಕಿಟಕಿಯ ಪಕ್ಕ ಮಲಗಿದವರಿಗೆ ಬಹಳ. ದೂರ, ಗೋಡೆ, ಮುಚ್ಚಿದ ಕಿಟಕಿ ಇವು ಸದ್ದನ್ನು ಖಚಿತವಾಗಿ ತಗ್ಗಿಸುತ್ತವೆ. ವಾಸನೆಯ ಮುಂದೆ ಗೋಡೆಯ ಆಟ ನಡೆಯುವುದಿಲ್ಲ. ಹಾಗಾಗಿ ಕಿವಿಯ ತೊಂದರೆಯನ್ನು ದುಡ್ಡು ಕೊಟ್ಟು ಅಷ್ಟಿಷ್ಟು ಸರಿಪಡಿಸಿಕೊಳ್ಳಬಹುದು, ಮೂಗಿನ ತೊಂದರೆಯನ್ನು ಜಾಗ ಆರಿಸುವಾಗಲೇ ತಪ್ಪಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಅಂಜಿಕೆಯ ಸಂಗತಿ ಬೇರೆ. ಅದು ದೂರದಿಂದ ಕಡಿಮೆಯಾಗುವುದಕ್ಕಿಂತ ತಿಳಿವಳಿಕೆಯಿಂದ ಕಡಿಮೆಯಾಗುತ್ತದೆ. ಗಟ್ಟಿ ಬೇಲಿಯ ಆಚೆಗಿರುವ ಪ್ರಾಣಿಯಿಂದ ಬರುವ ಅಪಾಯ ಬಹಳ ಕಡಿಮೆ. ನೀವು ದಿನವೂ ನಡೆಯುವ ಕಾಲುದಾರಿ ಆ ಪ್ರಾಣಿಗಳು ಮೇಯುವ ಹೊಲದ ಮೂಲಕವೇ ಹಾದುಹೋಗುತ್ತಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಮನೆ ನೋಡುವಾಗ ಬೇಲಿಯನ್ನೂ ದಾರಿಯನ್ನೂ ನೋಡಬೇಕೆನ್ನುವುದು ಇದಕ್ಕೇ.

ಹೈನುಗಾರಿಕೆಯ ಕೊಟ್ಟಿಗೆ

ಅಧಿಕ ಹಾಲು ಕೊಡುವ ದೊಡ್ಡ ತಳಿಯ ಹಸುವೊಂದು ದಿನಕ್ಕೆ ಹಾಕುವ ಸಗಣಿ ಮತ್ತು ಗಂಜಲ ಸೇರಿ ಸುಮಾರು 50 ಕಿಲೋ ಆಗುತ್ತದೆ. ಹತ್ತು ಹಸುಗಳ ಕೊಟ್ಟಿಗೆಯೆಂದರೆ ದಿನಕ್ಕೆ ಅರ್ಧ ಟನ್ನು, ನೂರು ಹಸುಗಳದ್ದಾದರೆ ಐದು ಟನ್ನು. ಹೀಗಾಗಿ ಹೈನುಗಾರರನ್ನು ಕೇಳಬೇಕಾದ ಮೊದಲ ಪ್ರಶ್ನೆ ಹಸುಗಳ ಬಗ್ಗೆ ಅಲ್ಲ, ಸಗಣಿ ಎಲ್ಲಿಗೆ ಹೋಗುತ್ತದೆ ಎಂಬುದರ ಬಗ್ಗೆ. ಹುಲ್ಲಿನೊಡನೆ ಬೆರೆತು ತಿಪ್ಪೆಯಲ್ಲಿ ಗಾಳಿಯಾಡುತ್ತ ಕೊಳೆಯುವ ಗೊಬ್ಬರದ ವಾಸನೆ ಮಣ್ಣಿನ ವಾಸನೆಗೆ ಹತ್ತಿರವಿರುತ್ತದೆ. ಅದೇ ಸಗಣಿಯನ್ನು ನೀರಿನಿಂದ ತೊಳೆದು ಗುಂಡಿಗೆ ಬಿಟ್ಟಾಗ, ಗಾಳಿಯಿಲ್ಲದೆ ಕೊಳೆತು ಹೈಡ್ರೋಜನ್ ಸಲ್ಫೈಡ್ ಮುಂತಾದ ಅನಿಲಗಳು ಹುಟ್ಟುತ್ತವೆ. ಕೊಳೆತ ಮೊಟ್ಟೆಯ ಆ ವಾಸನೆ ಗುಂಡಿಯನ್ನು ಕಲಕಿ ಹೊಲಕ್ಕೆ ಹರಡುವ ದಿನ ಸುತ್ತಲಿನ ಮನೆಗಳಿಗೆಲ್ಲ ತಲುಪುತ್ತದೆ. ಹರಡಿದ ದ್ರವಗೊಬ್ಬರದ ಘಾಟು ಮೊದಲ ಕೆಲವು ಗಂಟೆಗಳಲ್ಲೇ ಅತಿ ಹೆಚ್ಚು. ಹರಡಿದ ಕೂಡಲೇ ಉತ್ತು ಮಣ್ಣಿಗೆ ಸೇರಿಸುವ ರೈತ ನೆರೆಯವರಿಗೆ ಎಷ್ಟು ಉಪಕಾರ ಮಾಡುತ್ತಾನೆಂಬುದು ಅವನಿಗೂ ಗೊತ್ತಿರಲಿಕ್ಕಿಲ್ಲ.

ಸದ್ದಿನ ವಿಷಯದಲ್ಲಿ ಹೈನುಗಾರಿಕೆಗೆ ಗಡಿಯಾರವಿದೆ. ಹಾಲು ಕರೆಯುವ ಯಂತ್ರದ ಪಂಪು ನಸುಕಿನಲ್ಲಿ ಒಮ್ಮೆ, ಮಧ್ಯಾಹ್ನದ ಮೇಲೆ ಇನ್ನೊಮ್ಮೆ ಓಡುತ್ತದೆ, ಹಾಲಿನ ಲಾರಿ ತನ್ನ ಹೊತ್ತಿಗೆ ಬರುತ್ತದೆ. ನಿಯತವಾದ ಸದ್ದಿಗೆ ಕಿವಿ ಬೇಗ ಒಗ್ಗುತ್ತದೆ. ಒಗ್ಗದಿರುವುದು ಕರುವನ್ನು ತಾಯಿಯಿಂದ ಬೇರ್ಪಡಿಸಿದಾಗಿನ ಕೂಗು. ದಿನಗಳ ಕರುವನ್ನು ಬೇರ್ಪಡಿಸುವಾಗ ಕೂಗು ಕಡಿಮೆ. ಮಾಂಸಕ್ಕಾಗಿ ಸಾಕುವ ಹಿಂಡುಗಳಲ್ಲಿ ತಿಂಗಳುಗಟ್ಟಲೆ ತಾಯಿಯ ಜೊತೆಗಿದ್ದ ಕರುವನ್ನು ಬಿಡಿಸಿದಾಗ ಎರಡು ಮೂರು ದಿನ ಹಗಲುರಾತ್ರಿ ಎರಡೂ ಕಡೆಯಿಂದ ಕೂಗು ನಡೆಯುತ್ತದೆ. ಇದು ಡೆಸಿಬೆಲ್‌ಗಿಂತ ಹೆಚ್ಚಾಗಿ ಮನಸ್ಸಿಗೆ ತಾಗುವ ಸದ್ದು. ಹೊಸಬರಲ್ಲಿ ಕೆಲವರು ಪ್ರಾಣಿಗೆ ಹಿಂಸೆಯಾಗುತ್ತಿದೆ ಎಂದು ದೂರು ಕೊಡಲು ಹೊರಡುವುದು ಸಾಮಾನ್ಯವಾಗಿ ಈ ದಿನಗಳಲ್ಲೇ.

ಇನ್ನು ಅಂಜಿಕೆ. ಹಸುವಿಗೆ ತಲೆ ತಿರುಗಿಸದೆಯೇ ಸುಮಾರು 330 ಡಿಗ್ರಿಯಷ್ಟು ಸುತ್ತಲೂ ಕಾಣುತ್ತದೆ, ಬೆನ್ನ ಹಿಂದಿನ ಸಣ್ಣ ಭಾಗ ಮಾತ್ರ ಕಾಣದು. ಹಿಂದಿನಿಂದ ಸದ್ದಿಲ್ಲದೆ ಬರುವವರಿಗೆ ಒದೆ ಬೀಳುವುದು ಇದರಿಂದಲೇ. ಈಗ ನಾನಿರುವ ಮನೆಯ ದಾರಿ ಕಡಸುಗಳು ಮೇಯುವ ಹುಲ್ಲುಗಾವಲನ್ನು ಹಾಯುತ್ತದೆ. ಮೊದಲ ವಾರ ಹನ್ನೆರಡು ಕಡಸುಗಳು ಒಟ್ಟಿಗೆ ನನ್ನ ಬೆನ್ನಟ್ಟಿ ಓಡಿಬಂದವು. ಓಡಬಾರದೆಂದು ಓದಿದ್ದರಿಂದ, ಕಾಲು ನಡುಗುತ್ತಿದ್ದರೂ ತಿರುಗಿ ನಿಂತೆ. ಎರಡು ಮಾರು ದೂರದಲ್ಲಿ ಎಲ್ಲವೂ ಗಕ್ಕನೆ ನಿಂತವು. ಮುಂದಿನದು ಕತ್ತು ಚಾಚಿ, ಮೂಗಿನ ಹೊಳ್ಳೆ ಅರಳಿಸಿ ಉಸಿರೆಳೆದು, ನನ್ನ ಚೀಲದ ಪಟ್ಟಿಯನ್ನು ಒಮ್ಮೆ ನೆಕ್ಕಿ ಹಿಂದೆ ಸರಿಯಿತು. ಎಳೆಯ ದನಗಳ ಓಟದಲ್ಲಿ ಹೆಚ್ಚಿನದು ಕುತೂಹಲ. ಕರುವಿರುವ ತಾಯಿಯ ಎದುರು ಮಾತ್ರ ಈ ಧೈರ್ಯ ತೋರಬೇಡಿ. ತಾಯಿಗೂ ಕರುವಿಗೂ ನಡುವೆ ಹಾದುಹೋಗುವುದು, ನಾಯಿಯನ್ನು ಜೊತೆಗೆ ಕರೆದೊಯ್ಯುವುದು, ಇವೆರಡೂ ಹಸುವಿನಿಂದ ಆಗುವ ಗಂಭೀರ ಗಾಯಗಳಲ್ಲಿ ಪದೇಪದೇ ಕಾಣುವ ಕಾರಣಗಳು. ದನ ಮೈಮೇಲೆ ಬಂದರೆ ನಾಯಿಯ ಹಗ್ಗ ಬಿಟ್ಟುಬಿಡಬೇಕು. ನಾಯಿ ಓಡಿ ಪಾರಾಗುತ್ತದೆ, ಅದನ್ನು ಎತ್ತಿಕೊಂಡು ಓಡುವವರು ಪಾರಾಗುವುದಿಲ್ಲ. ಹೋರಿಯಿರುವ ಹೊಲಕ್ಕೆ ಕಾಲಿಡುವ ಪ್ರಶ್ನೆಯೇ ಇಲ್ಲ. ತಲೆ ತಗ್ಗಿಸಿ, ಮೈಯನ್ನು ಅಡ್ಡಲಾಗಿ ನಿಲ್ಲಿಸಿ, ಗೊರಸಿನಿಂದ ಮಣ್ಣು ಕೆರೆಯುವ ಹೋರಿ ಕುತೂಹಲದಿಂದ ನಿಂತಿರುವುದಿಲ್ಲ.

ನನ್ನ ಮಟ್ಟಿಗೆ, ಹಿಂಡು ಚಿಕ್ಕದಿದ್ದು, ತಿಪ್ಪೆ ಮನೆಯಿಂದ ದೂರವಿದ್ದು, ನಡೆಯುವ ದಾರಿ ಬೇಲಿಯ ಹೊರಗಿದ್ದರೆ ಹಸುಗಳಷ್ಟು ಒಳ್ಳೆಯ ನೆರೆ ಸಿಗುವುದು ಕಷ್ಟ.

ಕೋಳಿ: ಹಿತ್ತಲಿನದು ಮತ್ತು ಶೆಡ್ಡಿನದು

ಇವೆರಡನ್ನು ಒಂದೇ ಹೆಸರಿನಿಂದ ಕರೆಯುವುದರಿಂದ ಬಹಳ ಗೊಂದಲವಾಗಿದೆ. ಹಿತ್ತಲಿನ ಹತ್ತು ಹೇಂಟೆಗಳಿಂದ ಮೂಗಿಗೆ ಏನೂ ಆಗದು. ಅಲ್ಲಿ ಇರುವ ಏಕೈಕ ಪ್ರಶ್ನೆ ಹುಂಜ. ಹುಂಜ ಬೆಳಗನ್ನು ಕಂಡು ಕೂಗುತ್ತದೆ ಎಂಬ ನಂಬಿಕೆ ಸಂಪೂರ್ಣ ಸರಿಯಲ್ಲ. ಅದರ ಮೈಯೊಳಗೇ ಗಡಿಯಾರವಿದೆ, ಸದಾ ಮಬ್ಬು ಬೆಳಕಿನಲ್ಲಿಟ್ಟರೂ ಆ ಹೊತ್ತಿಗೆ ಕೂಗುತ್ತದೆ ಎಂಬುದನ್ನು ಜಪಾನಿನ ಸಂಶೋಧಕರು 2013ರಲ್ಲಿ ತೋರಿಸಿದರು. ಬೆಳಕು ಹರಿಯುವುದಕ್ಕೆ ಸುಮಾರು ಎರಡು ಗಂಟೆ ಮೊದಲೇ ಅದು ಶುರುಮಾಡುತ್ತದೆ. ಹಲವು ಹುಂಜಗಳಿದ್ದಲ್ಲಿ ಮೊದಲ ಕೂಗು ಗುಂಪಿನ ಯಜಮಾನನದು, ಉಳಿದವು ಅದರ ಹಿಂದೆ. ಗೂಡಿಗೆ ಕತ್ತಲೆ ಮಾಡಿದರೆ ಕೂಗುವುದಿಲ್ಲ ಎಂಬ ಸಲಹೆಯನ್ನು ಆದ್ದರಿಂದ ಪೂರ್ತಿ ನಂಬಿಕೊಂಡು ಮನೆ ಹಿಡಿಯಬೇಡಿ. ಹೇಂಟೆಗಳು ಮೊಟ್ಟೆಯಿಡಲು ಹುಂಜ ಬೇಕಿಲ್ಲ, ಮರಿ ಮಾಡಿಸಲು ಮಾತ್ರ ಬೇಕು. ನೆರೆಯವರೊಡನೆ ಮಾತುಕತೆಗೆ ಇದೇ ಒಳ್ಳೆಯ ಆರಂಭ.

ಶೆಡ್ಡಿನ ಕೋಳಿಗಳದ್ದು ಇದರ ತಿರುವು. ಅಲ್ಲಿ ಹುಂಜದ ಕೂಗಿಲ್ಲ. ಮಾಂಸದ ಕೋಳಿಗಳು ಕೂಗುವ ವಯಸ್ಸಿಗೆ ಬರುವ ಮೊದಲೇ ಹೊರಟುಹೋಗುತ್ತವೆ. ಒಂದು ತಂಡ ಬಂದು ಹೋಗಲು ಐದರಿಂದ ಏಳು ವಾರ. ಈ ಚಕ್ರವನ್ನು ತಿಳಿಯದೆ ಮನೆ ನೋಡಲು ಹೋದವರು ಮೋಸಹೋಗುವುದು ಖಚಿತ. ಮೊದಲ ವಾರ ಮರಿಗಳು ಚಿಕ್ಕವು, ನೆಲದ ಹೊಟ್ಟು ಒಣಗಿರುತ್ತದೆ, ವಾಸನೆ ಇಲ್ಲವೆಂದೇ ಹೇಳಬಹುದು. ಕೊನೆಯ ಎರಡು ವಾರ ಕೋಳಿಗಳು ಬಲಿತು, ಹಿಕ್ಕೆ ತುಂಬಿ, ಫ್ಯಾನುಗಳು ಪೂರ್ಣ ವೇಗದಲ್ಲಿ ಒಳಗಿನ ಅಮೋನಿಯಾವನ್ನೂ ಧೂಳನ್ನೂ ಹೊರಗೆ ತಳ್ಳುತ್ತವೆ. ಕತ್ತಲೆಯಲ್ಲಿ ಕೋಳಿಗಳು ಗಾಬರಿಯಾಗುವುದು ಕಡಿಮೆಯೆಂದು ಅವುಗಳನ್ನು ಹಿಡಿದು ಲಾರಿಗೆ ತುಂಬುವ ಕೆಲಸ ರಾತ್ರಿಯಲ್ಲೇ ನಡೆಯುವುದುಂಟು. ಲಾರಿಯ ಎಂಜಿನ್ನು, ಪಂಜರಗಳ ಬಡಿತ, ಕೆಲಸಗಾರರ ಮಾತು ಎಲ್ಲ ಸೇರಿ ಆ ರಾತ್ರಿ ಹೋಯಿತೆಂದೇ ಲೆಕ್ಕ. ಮರುದಿನದಿಂದ ಹಿಕ್ಕೆ ಗೋರುವ ಕೆಲಸ, ಅದು ವಾಸನೆಯ ತುದಿ. ಆಮೇಲೆ ಹತ್ತು ಹದಿನೈದು ದಿನ ಶಾಂತಿ, ಮತ್ತೆ ಮೊದಲಿನಿಂದ. ಆದ್ದರಿಂದ ಶೆಡ್ಡಿನ ಬಳಿ ಮನೆ ನೋಡುವುದಾದರೆ ಈಗ ತಂಡದ ವಯಸ್ಸೆಷ್ಟು ಎಂದು ಕೇಳಿ, ಕೊನೆಯ ವಾರದಲ್ಲಿ ಇನ್ನೊಮ್ಮೆ ಹೋಗಿ. ಮೊಟ್ಟೆಕೋಳಿಗಳ ಶೆಡ್ಡಿನಲ್ಲಿ ಈ ಏರಿಳಿತ ಕಡಿಮೆ, ಅಲ್ಲಿನ ಪ್ರಶ್ನೆ ನೊಣ.

ನೊಣದ ಲೆಕ್ಕ ಸರಳವಾದದ್ದು, ಎಲ್ಲ ಪ್ರಾಣಿಗಳಿಗೂ ಅನ್ವಯಿಸುವಂಥದ್ದು. ಬೆಚ್ಚಗಿನ ಹವೆಯಲ್ಲಿ ಮನೆನೊಣ ಮೊಟ್ಟೆಯಿಂದ ಹಾರುವ ನೊಣವಾಗಲು 7ರಿಂದ 10 ದಿನ ಸಾಕು. ವಾರಕ್ಕೊಮ್ಮೆಗಿಂತ ಬೇಗ ಗೊಬ್ಬರ ತೆಗೆದು ಒಣಗಿಸುವಲ್ಲಿ ಈ ಚಕ್ರ ನಡುವೆಯೇ ಕಡಿಯುತ್ತದೆ. ಕಟ್ಟಡದಡಿಯ ಗುಂಡಿಯಲ್ಲಿ ತಿಂಗಳುಗಟ್ಟಲೆ ಹಸಿಯಾಗಿ ಕೂಡಿಡುವಲ್ಲಿ ಪೀಳಿಗೆಯ ಮೇಲೆ ಪೀಳಿಗೆ ಏಳುತ್ತದೆ. ಒಣಗಿದ ಹಿಕ್ಕೆಯಲ್ಲಿ ನೊಣದ ಹುಳು ಬದುಕುವುದಿಲ್ಲ. ಕಿಟಕಿಗೆ ಜಾಲರಿ ಹಾಕಿಸುವ ಖರ್ಚು ಚಿಕ್ಕದೇ, ಆದರೆ ಅಂಗಳದಲ್ಲಿ ಕೂತು ಊಟ ಮಾಡುವ ಆಸೆಯಿಂದ ಹಳ್ಳಿಗೆ ಬಂದವರಿಗೆ ಜಾಲರಿ ಸಮಾಧಾನ ಕೊಡದು.

ಬಾತುಕೋಳಿ, ಗಿನಿಕೋಳಿ, ಹಂಸಬಾತುಗಳ ಬಗ್ಗೆ ಒಂದು ಮಾತು ಸಾಕು: ಗಿನಿಕೋಳಿ ಪ್ರತಿ ಅಪರಿಚಿತನಿಗೂ ಕಿರುಚುತ್ತದೆ, ಗೂಡು ಕಟ್ಟುವ ಕಾಲದ ಗಂಡು ಹಂಸಬಾತು ಮೊಣಕಾಲಿಗೇ ಬರುತ್ತದೆ. ಪಕ್ಕದ ಮನೆಯವರು ಇವನ್ನು ಕಾವಲಿಗೆಂದು ಸಾಕಿದ್ದರೆ ಕಾವಲು ನಿಮ್ಮ ವಿರುದ್ಧವೂ ನಡೆಯುತ್ತದೆ.

ಕುರಿ, ಮೇಕೆ

ಅಳುಕಿನವರಿಗೆ ನಾನು ಮೊದಲು ಹೇಳುವುದು ಕುರಿಯ ಹೆಸರನ್ನು. ವಾಸನೆ ಅಲ್ಪ, ಹಿಕ್ಕೆ ಒಣಗಿದ್ದು, ಮನುಷ್ಯನನ್ನು ಕಂಡರೆ ತಾನೇ ದೂರ ಸರಿಯುವ ಜೀವ. ಟಗರೊಂದನ್ನು ಬಿಟ್ಟರೆ ಹಿಂಡಿನಲ್ಲಿ ಹೆದರಬೇಕಾದದ್ದಿಲ್ಲ. ಟಗರಿಗೆ ಬೆನ್ನು ತೋರಿಸಬಾರದು, ಅಷ್ಟೇ. ಮರಿ ಬಿಡಿಸುವ ಎರಡು ಮೂರು ದಿನಗಳ ಅರಚಾಟ ಇಲ್ಲೂ ಇದೆ. ಹಿಂಡಿನ ಕಾವಲುನಾಯಿಗಳನ್ನು ಮಾತ್ರ ಮರೆಯಬೇಡಿ. ಅವುಗಳ ಕೆಲಸವೇ ರಾತ್ರಿ ಬೊಗಳುವುದು, ಅವುಗಳಿಗೆ ನೀವೂ ಅಪರಿಚಿತರೇ.

ಮೇಕೆಯದು ಬೇರೆ ಸ್ವಭಾವ. ಬೇಲಿ ಎಷ್ಟು ಗಟ್ಟಿ ಎಂದು ಅದು ದಿನವೂ ಪರೀಕ್ಷಿಸುತ್ತದೆ. ನಿಮ್ಮ ಹೂವಿನ ಗಿಡ ಅದರ ಪರೀಕ್ಷೆಯ ಬಹುಮಾನ. ಹೋತವಿದ್ದರೆ ಬೆದೆಯ ಕಾಲದಲ್ಲಿ ತನ್ನ ಗಡ್ಡದ ಮೇಲೆ ತಾನೇ ಉಚ್ಚೆ ಹೊಯ್ದುಕೊಳ್ಳುತ್ತದೆ. ಆ ನಾತವನ್ನು ಒಮ್ಮೆ ಮೂಸಿದವರು ಹೆಸರು ಕೇಳಿದರೂ ಗುರುತು ಹಿಡಿಯುತ್ತಾರೆ. ಹೋತವಿಲ್ಲದ ಹಿಂಡಿಗೆ ಈ ವಾಸನೆ ಇಲ್ಲ.

ಕುರಿಮೇಕೆಗಳಲ್ಲಿ ಎಚ್ಚರ ವಹಿಸಬೇಕಾದದ್ದು ಮರಿ ಹಾಕುವ ಕಾಲದಲ್ಲಿ. ಕ್ಯೂ ಜ್ವರದ ರೋಗಾಣು ಸೋಂಕಿತ ಪ್ರಾಣಿಯ ಮಾಸು ಮತ್ತು ಗರ್ಭಪಾತದ ದ್ರವಗಳಲ್ಲಿ ಹೇರಳವಾಗಿರುತ್ತದೆ, ಒಣಗಿದ ಮೇಲೆ ಧೂಳಿನೊಡನೆ ಗಾಳಿಯಲ್ಲಿ ಹರಡುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ 2007ರಿಂದ 2010ರವರೆಗೆ ದೊಡ್ಡ ಹಾಲುಮೇಕೆ ಸಾಕಣೆಗಳಿಂದ ಹೀಗೆ ಹರಡಿದಾಗ ವರದಿಯಾದ ಪ್ರಕರಣಗಳೇ 4,000 ದಾಟಿದವು, ರೋಗವಿದ್ದ ಹಿಂಡುಗಳಿಗೆ ಹತ್ತಿರದ ಮನೆಗಳವರಿಗೆ ಅಪಾಯ ಬಹಳ ಹೆಚ್ಚಿತ್ತು. ಅಂಥ ಘಟನೆ ಅಪರೂಪ. ಆದರೂ ಮನೆಯಲ್ಲಿ ಬಸುರಿಯರಿದ್ದರೆ, ಹೃದಯದ ಕವಾಟದ ತೊಂದರೆಯವರಿದ್ದರೆ, ಮರಿ ಹಾಕುವ ರೊಪ್ಪದಿಂದ ದೂರವಿರುವುದು, ದೊಡ್ಡ ಮೇಕೆ ಸಾಕಣೆಯಿದ್ದಲ್ಲಿ ಹಿಂಡಿಗೆ ಲಸಿಕೆ ಹಾಕಿಸಿದ್ದಾರೆಯೇ ಎಂದು ಕೇಳುವುದು ಅತಿ ಎಚ್ಚರಿಕೆಯೆನಿಸದು.

ಹಂದಿ

ಹಂದಿ ಬುದ್ಧಿವಂತ, ತನ್ನ ಮಲಗುವ ಜಾಗವನ್ನು ಹೊಲಸು ಮಾಡಿಕೊಳ್ಳಲು ಇಷ್ಟಪಡದ ಪ್ರಾಣಿ. ಅದರ ವಾಸನೆಯ ಕೆಟ್ಟ ಹೆಸರಿನಲ್ಲಿ ಹೆಚ್ಚಿನ ಪಾಲು ನಾವು ಅದನ್ನು ಸಾಕುವ ಕ್ರಮದ್ದು. ಬಯಲಲ್ಲಿ ಅಲೆದಾಡುವ ನಾಲ್ಕಾರು ಹಂದಿಗಳ ನೆರೆಯನ್ನು ತಡೆದುಕೊಳ್ಳಬಹುದು. ಸಾವಿರಗಟ್ಟಲೆ ಹಂದಿಗಳ ಕಟ್ಟಡ, ಅದರಡಿಯ ದ್ರವಗೊಬ್ಬರದ ಗುಂಡಿ ಇವುಗಳ ವಾಸನೆ ಮಾತ್ರ ಈ ಬರಹದಲ್ಲಿ ಬರುವ ಎಲ್ಲ ಪ್ರಾಣಿಗಳಿಗಿಂತ ತೀವ್ರ. ಸ್ಕಟೋಲ್, ಕ್ರೆಸಾಲ್‌ನಂಥ ಸಂಯುಕ್ತಗಳು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಮೂಗಿಗೆ ಸಿಗುತ್ತವೆ, ಬಟ್ಟೆ, ಕೂದಲು, ಪರದೆಗಳಿಗೆ ಅಂಟಿಕೊಳ್ಳುತ್ತವೆ. ಮೇವು ಹಾಕುವ ಮುನ್ನಿನ ಕಿರುಚಾಟ ಕಟ್ಟಡದೊಳಗೆ 100 ಡೆಸಿಬೆಲ್ ಸಮೀಪಿಸುತ್ತದೆ, ಅದು ಹೊತ್ತಿಗೆ ಸರಿಯಾಗಿ ಬಂದು ನಿಲ್ಲುವುದರಿಂದ ಮೂಗಿನ ಕಾಟದಷ್ಟು ದೊಡ್ಡದಲ್ಲ. ಮೂಗು ಸೂಕ್ಷ್ಮವಾದವರಿಗೆ ನನ್ನ ಸಲಹೆ ಚುಟುಕಾದದ್ದು: ಗಾಳಿ ಬಂದುಬೀಳುವ ದಿಕ್ಕಿನಲ್ಲಿ ಹಂದಿ ಸಾಕಣೆಯಿದ್ದರೆ, ಮನೆ ಎಷ್ಟೇ ಚೆನ್ನಾಗಿದ್ದರೂ ಬಿಡಿ. ಇನ್ನೊಂದು ಸಂಗತಿಯನ್ನು ಮಕ್ಕಳಿರುವ ಮನೆಯವರು ಗಟ್ಟಿಯಾಗಿ ನೆನಪಿಡಬೇಕು. ದ್ರವಗೊಬ್ಬರದ ಗುಂಡಿಯನ್ನು ಕಲಕುವಾಗ ಒಮ್ಮೆಲೇ ಹೊರಬರುವ ಹೈಡ್ರೋಜನ್ ಸಲ್ಫೈಡ್ ಮನುಷ್ಯನನ್ನು ಕ್ಷಣಗಳಲ್ಲಿ ಕೊಲ್ಲಬಲ್ಲದು, ಅದು ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ. ಹಂದಿಯದಿರಲಿ ಹಸುವಿನದಿರಲಿ, ಅಂಥ ಗುಂಡಿಯ ಬಳಿ ಮಕ್ಕಳು ಸುಳಿಯಬಾರದು.

ಕುದುರೆ, ಕತ್ತೆ

ಕುದುರೆಯ ಲಾಯ ಮೂಗಿಗೂ ಕಿವಿಗೂ ಹಿತವಾದ ನೆರೆ. ಲದ್ದಿಯ ವಾಸನೆ ಮೃದು, ಸದ್ದು ಕಡಿಮೆ. ನೋಡಲು ಚೆಂದವೆಂದು ಬೇಲಿಯ ಬಳಿ ಹೋಗಿ ತಿನ್ನಿಸಲು ನಿಲ್ಲುವುದರಲ್ಲಿ ಅಪಾಯವಿದೆ, ಅದು ಹೆಚ್ಚಾಗಿ ಕುದುರೆಗೆ. ಕತ್ತರಿಸಿ ರಾಶಿ ಹಾಕಿದ ಹುಲ್ಲುಹಾಸಿನ ಹುಲ್ಲು ಹೊಟ್ಟೆಯಲ್ಲಿ ಹುದುಗಿ ಕುದುರೆಯ ಪ್ರಾಣವನ್ನೇ ತೆಗೆಯಬಹುದು. ಕತ್ತೆಯಿದ್ದರೆ ಮಾತ್ರ ಮೊದಲೇ ವಿಚಾರಿಸಿಕೊಳ್ಳಿ, ಅದರ ಕೂಗು ಕಿಲೋಮೀಟರುಗಳಾಚೆಗೂ ಕೇಳುತ್ತದೆ, ಅದಕ್ಕೆ ಹೊತ್ತುಗೊತ್ತೂ ಇಲ್ಲ.

ಆರೋಗ್ಯದ ಹೆದರಿಕೆ, ಆರೋಗ್ಯದ ಆಸೆ

ಮಕ್ಕಳಿರುವವರು ಎರಡು ಬಗೆಯ ಮಾತು ಕೇಳಿರುತ್ತಾರೆ: ಪ್ರಾಣಿಗಳ ಬಳಿ ರೋಗ ಬರುತ್ತದೆ, ಪ್ರಾಣಿಗಳ ಬಳಿ ಬೆಳೆದರೆ ಗಟ್ಟಿಯಾಗುತ್ತಾರೆ. ಎರಡರಲ್ಲೂ ಸತ್ಯಾಂಶವಿದೆ. ಅಮೆರಿಕದ ಎರಡು ಕೃಷಿಕ ಸಮುದಾಯಗಳ ಶಾಲಾಮಕ್ಕಳನ್ನು ಹೋಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೆಗೆ ಅಂಟಿಕೊಂಡೇ ಕೊಟ್ಟಿಗೆಯಿರುವ ಆಮಿಶ್ ಮಕ್ಕಳಲ್ಲಿ ಆಸ್ತಮಾ ಸುಮಾರು ಶೇ. 5ರಷ್ಟಿದ್ದರೆ, ಯಂತ್ರಗಳಿಂದ ದೊಡ್ಡ ಪ್ರಮಾಣದ ಕೃಷಿ ಮಾಡುವ ಹಟರೈಟ್ ಮಕ್ಕಳಲ್ಲಿ ಶೇ. 21ರಷ್ಟಿತ್ತು. ಆದರೆ ಈ ಲಾಭ ಎಳೆವೆಯಿಂದಲೇ ಕೊಟ್ಟಿಗೆಯಲ್ಲಿ ಆಡಿ ಬೆಳೆದವರದ್ದು. ನಲವತ್ತು ದಾಟಿ, ಈಗಾಗಲೇ ಉಬ್ಬಸವಿದ್ದು, ಕೋಳಿ ಶೆಡ್ಡಿನ ಫ್ಯಾನಿನೆದುರು ಮನೆ ಹಿಡಿಯುವವರು ಅದನ್ನು ನಿರೀಕ್ಷಿಸಬಾರದು. ಅವರಿಗೆ ಧೂಳು ಮತ್ತು ಅಮೋನಿಯಾ ಕಷ್ಟವನ್ನೇ ಕೊಡುತ್ತವೆ. ಐದು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ, ಪ್ರಾಣಿಯನ್ನೋ ಬೇಲಿಯನ್ನೋ ಮುಟ್ಟಿದ ಕೈಯನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ತೊಳೆಯುವುದು ಕಡ್ಡಾಯ. ದನಗಳಿಂದ ಬರುವ ಕೆಲವು ಬಗೆಯ ಇ. ಕೋಲಿ ಬ್ಯಾಕ್ಟೀರಿಯಾ ಚಿಕ್ಕ ಮಕ್ಕಳ ಮೂತ್ರಪಿಂಡಕ್ಕೇ ಏಟು ಕೊಡಬಲ್ಲದು, ಕೈಗೆ ಸವರಿಕೊಳ್ಳುವ ಜೆಲ್ ಇಲ್ಲಿ ಸಾಬೂನಿಗೆ ಬದಲಿಯಲ್ಲ.

ದುಡ್ಡು ಮತ್ತು ಕಾನೂನು

ದೊಡ್ಡ ಕೋಳಿ, ಹಂದಿ ಸಾಕಣೆಗಳ ಬಳಿಯ ಮನೆಗಳು ಸಾಮಾನ್ಯವಾಗಿ ಅಗ್ಗಕ್ಕೆ ಸಿಗುತ್ತವೆ. ಅಗ್ಗಕ್ಕೆ ಕೊಂಡವರು ಅಗ್ಗಕ್ಕೇ ಮಾರಬೇಕಾಗುತ್ತದೆ ಎಂಬುದನ್ನು ಸೇರಿಸಿಯೇ ಲೆಕ್ಕ ಹಾಕಿ. ಕೈ ಬಿಗಿಯಿರುವವರು ಅಂಥ ಮನೆಯ ಬದಲು ಹಳೆಯದಾದರೂ ಕುರಿ ಅಥವಾ ಚಿಕ್ಕ ಹೈನುಗಾರಿಕೆಯ ಪಕ್ಕದ ಮನೆಯನ್ನು ನೋಡುವುದು ಮೇಲು. ಸೋರುವ ಚಾವಣಿಯನ್ನು ಸರಿಪಡಿಸಬಹುದು. ತುಸು ಖರ್ಚು ಮಾಡಬಲ್ಲವರು ಮಲಗುವ ಕೋಣೆಯನ್ನು ಸದ್ದಿನ ವಿರುದ್ಧ ದಿಕ್ಕಿಗೆ ಬದಲಿಸಿ ಎರಡು ಪದರದ ಗಾಜು ಹಾಕಿಸಿದರೆ ಹುಂಜ, ಪಂಪುಗಳ ಸಮಸ್ಯೆ ಬಹುಮಟ್ಟಿಗೆ ತೀರುತ್ತದೆ. ಮರಗಳ ಸಾಲು ವಾಸನೆಯನ್ನೂ ಧೂಳನ್ನೂ ಸ್ವಲ್ಪ ತಡೆಯುತ್ತದೆ, ಆದರೆ ಬೆಳೆಯಲು ವರ್ಷಗಳು ಬೇಕು. ಒಂದು ವರ್ಷ ಬಾಡಿಗೆಗೆ ಇದ್ದು ಎಲ್ಲ ಋತುಗಳನ್ನೂ ನೋಡುವ ಅನುಕೂಲವಿದ್ದರೆ, ಬೇರಾವ ಖರ್ಚೂ ಅಷ್ಟು ಸಾರ್ಥಕವಲ್ಲ.

ಮೊದಲು ಕೊಳ್ಳೋಣ, ಆಮೇಲೆ ದೂರು ಕೊಟ್ಟು ಸರಿಪಡಿಸಿಕೊಳ್ಳೋಣ ಎಂಬ ಯೋಚನೆ ಮಾತ್ರ ಬೇಡ. ಮೊದಲಿನಿಂದ ಇದ್ದ ಸಾಕಣೆಯನ್ನು ಆಮೇಲೆ ಬಂದವರ ದೂರಿನಿಂದ ರಕ್ಷಿಸುವ ಕಾನೂನುಗಳು ಹಲವೆಡೆ ಇವೆ; ಅಮೆರಿಕದ ಎಲ್ಲ 50 ರಾಜ್ಯಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಅಂಥ ಕಾನೂನಿದೆ. ಫ್ರಾನ್ಸಿನ ಒಲೆರೋನ್ ದ್ವೀಪದಲ್ಲಿ ಮೊರಿಸ್ ಎಂಬ ಹುಂಜದ ಕೂಗಿನ ವಿರುದ್ಧ, ಪಕ್ಕದಲ್ಲಿ ರಜೆಯ ಮನೆ ಹೊಂದಿದ್ದವರು ಹೂಡಿದ ಮೊಕದ್ದಮೆಯಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಗೆದ್ದದ್ದು ಹುಂಜದ ಕಡೆಯವರೇ. 2021ರ ಜನವರಿಯಲ್ಲಿ ಆ ದೇಶ ಹಳ್ಳಿಗಾಡಿನ ಸದ್ದು ಮತ್ತು ವಾಸನೆಗಳನ್ನು ಪರಂಪರೆಯ ಭಾಗವೆಂದೇ ಕಾನೂನಿನಲ್ಲಿ ಗುರುತಿಸಿತು. ನೀವು ಹೋಗುವಲ್ಲಿನ ನಿಯಮ ಬೇರೆಯಿರಬಹುದು. ಆದರೂ ನ್ಯಾಯಾಲಯದಲ್ಲಿ ಗೆದ್ದವರೂ ಮರುದಿನ ಅದೇ ಬೇಲಿಯ ಪಕ್ಕದಲ್ಲೇ ಬದುಕಬೇಕು.

ಅದಕ್ಕಿಂತ ಮುಂಗಡ ನೀಡುವ ಮೊದಲು ಹೋಗಿ ಸಾಕಣೆದಾರರನ್ನೇ ಮಾತನಾಡಿಸಿ. ಎಷ್ಟು ತಲೆ ಇವೆ, ಹೆಚ್ಚಿಸುವ ಯೋಚನೆ ಇದೆಯೇ, ಗೊಬ್ಬರವನ್ನು ಎಷ್ಟು ದಿನಕ್ಕೊಮ್ಮೆ ತೆಗೆಯುತ್ತೀರಿ, ವರ್ಷದಲ್ಲಿ ಯಾವ ವಾರ ಹೊಲಕ್ಕೆ ಹರಡುತ್ತೀರಿ, ಹಿಂದಿನ ದಿನ ಒಂದು ಮಾತು ತಿಳಿಸಲಾದೀತೇ ಎಂದು ಕೇಳಿ. ದೂರುವ ದನಿಯಲ್ಲಿ ಕೇಳದಿದ್ದರೆ ಬಹುತೇಕರು ನೇರವಾಗಿಯೇ ಹೇಳುತ್ತಾರೆ. ನನ್ನ ನೆರೆಯವರು ಈಗ ಗುಂಡಿ ಕಲಕುವ ಹಿಂದಿನ ಸಂಜೆ ಫೋನಿನಲ್ಲಿ "ನಾಳೆ ಬಟ್ಟೆ ಒಗೀಬೇಡಿ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಾರೆ.

ಸುತ್ತ ಯಾವ ಪ್ರಾಣಿಯೂ ಇಲ್ಲದ ಮನೆಯೇ ಸಿಕ್ಕಿತೆನ್ನಿ. ಆಗಲೂ ಸುತ್ತಮುತ್ತ ಅರ್ಧ ಕಿಲೋಮೀಟರ್ ನಡೆದು, ಖಾಲಿ ಬಿದ್ದಿರುವ ಉದ್ದನೆಯ ಶೆಡ್ಡು ಎಲ್ಲಾದರೂ ಇದೆಯೇ ಎಂದು ನೋಡಿ. ಇದ್ದರೆ ಅದು ಯಾರದು, ಅಲ್ಲಿ ಮೊದಲು ಏನಿತ್ತು, ಸಾಕಣೆಯ ಪರವಾನಗಿ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ವಿಚಾರಿಸಿ ಬನ್ನಿ. ತುಂಬಿದ ಕೊಟ್ಟಿಗೆಯ ಬಗ್ಗೆ ಕಣ್ಣು, ಮೂಗು, ಕಿವಿ ಮೂರೂ ವರದಿ ಕೊಡುತ್ತವೆ, ಖಾಲಿ ಶೆಡ್ಡಿನ ಬಗ್ಗೆ ಕೇಳಿಯೇ ತಿಳಿಯಬೇಕು.